ಸೋಪಿಗೆ ನಾಚಿದ ಸೀರೆಗಳು

ಬಟ್ಟೆ ಅಂಗಡಿಯಲ್ಲಿ ಎಲ್ಲರೂ ಬಟ್ಟೆಯನ್ನು ಮುಟ್ಟಿ ನೋಡುತ್ತಾರೆ, ಕೆಲವರು ಬೆಳಕಿಗೆ ಹಿಡಿದು ನೋಡುತ್ತಾರೆ. ನಾನು ಮೂಸಿ ನೋಡುತ್ತೇನೆ. ಇದು ಸಭ್ಯರ ಲಕ್ಷಣವಲ್ಲವೆಂದು ನನಗೂ ಗೊತ್ತು. ಮೊನ್ನೆ ಉಡುಪಿಯ ಒಂದು ದೊಡ್ಡ ಮಳಿಗೆಯಲ್ಲಿ ಹಳದಿ ಅಂಗಿಯೊಂದನ್ನು ಮೂಗಿಗೆ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದೆ. ಸೇಲ್ಸ್‌ಮನ್ ಗಾಬರಿಯಿಂದ, "ಸರ್, ಅದು ಹೊಸದೇ. ಯಾರೂ ಹಾಕಿದ್ದಲ್ಲ" ಎಂದ.

"ಗೊತ್ತು ಮಾರಾಯ. ಇದನ್ನು ಎಂತದರಲ್ಲಿ ಬೇಯಿಸಿದ್ದಾರೆ ಅಂತ ನೋಡ್ತಾ ಇದ್ದೇನೆ" ಎಂದೆ.

ಆಮೇಲೆ ಅವನು ನನ್ನ ಹತ್ತಿರ ಸುಳಿಯಲಿಲ್ಲ. ದೂರದಲ್ಲೇ ನಿಂತು ಇನ್ನೊಬ್ಬನಿಗೆ ನನ್ನನ್ನು ತೋರಿಸುತ್ತಿದ್ದ. ಬಟ್ಟೆಯನ್ನು ಬೇಯಿಸುವ ಮನೆಯಲ್ಲಿ ಸಂಸಾರ ಮಾಡಿದವನ ಮೂಗಿನ ಕಥೆಯನ್ನು ಅವನಿಗೆ ಅಂಗಡಿಯಲ್ಲಿ ನಿಂತು ವಿವರಿಸುವುದು ಹೇಗೆ? ನಿಮಗಾದರೆ ಸಾವಕಾಶವಾಗಿ ಹೇಳಬಹುದು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕಾರ್ಕಳದ ಒಂದು ಕಾಲೇಜಿನಲ್ಲಿ ಲೈಬ್ರೇರಿಯನ್, ಮನೆ ಉಡುಪಿಯಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ಹೋಗುವುದು, ಸಂಜೆ ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ಬರುವುದು. ನಡುವಿನ ಹೊತ್ತು ಲೈಬ್ರರಿಯಲ್ಲಿ ಏನು ಮಾಡುತ್ತಿದ್ದೆನೆಂದು ದಯವಿಟ್ಟು ಕೇಳಬೇಡಿ. ನನ್ನ ಹೆಂಡತಿ ರೇವತಿ ಮಾತ್ರ ಕುಳಿತಲ್ಲಿ ಕೂರುವವಳಲ್ಲ. ಅವಳು ಉಡುತ್ತಿದ್ದದ್ದು ನಮ್ಮ ಕಡೆಯ ಕೈಮಗ್ಗದ ಹತ್ತಿ ಸೀರೆಗಳನ್ನು ಮಾತ್ರ. ಸಣ್ಣ ಚೌಕುಳಿ, ತೆಳುವಾದ ನೂಲು, ಒಗೆದಷ್ಟೂ ಮೆತ್ತಗಾಗುವ ಸೀರೆ. ಅವುಗಳನ್ನು ನೇಯುತ್ತಿದ್ದವರು ಉಡುಪಿಯ ಹೊರವಲಯದ ಒಬ್ಬ ವಯಸ್ಸಾದ ನೇಕಾರರು; ಅವರನ್ನು ನಾವು ಶೆಟ್ಟಿಗಾರರೆಂದೇ ಕರೆಯುತ್ತಿದ್ದೆವು.

ಒಂದು ದಿನ ರೇವತಿ ಅವರಲ್ಲಿಗೆ ಹೋದಾಗ ಶೆಟ್ಟಿಗಾರರು ಒಂದೇ ಒಂದು ಸೀರೆ ತೆಗೆದುಕೊಟ್ಟು, "ಇದು ಕೊನೆಯದ್ದು ಅಮ್ಮ" ಎಂದರಂತೆ. "ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕುದು. ಸೊಸೆ ಗೇರುಬೀಜದ ಫ್ಯಾಕ್ಟರಿಗೆ ಹೋಗ್ತಾಳೆ. ಈ ಸೀರೆ ಉಡುವವರು ಎಲ್ಲ ಅಜ್ಜಿಯಂದಿರು. ಅವರು ಒಬ್ಬೊಬ್ಬರೇ ಹೊರಟು ಹೋಗ್ತಾ ಇದ್ದಾರೆ. ಮತ್ತೆ ನಾನು ಯಾರಿಗೆ ನೇಯ್ಲಿ?"

ಆಗಿನ್ನೂ ನಲವತ್ತೈದರ ಆಸುಪಾಸಿನಲ್ಲಿದ್ದ ರೇವತಿಗೆ ಈ ಮಾತಿನಿಂದ ಎರಡು ಕಡೆ ನೋವಾಯಿತು. ಒಂದು, ಮಗ್ಗ ನಿಲ್ಲುವುದು. ಎರಡು, ತಾನೂ ಅಜ್ಜಿಯಂದಿರ ಲೆಕ್ಕಕ್ಕೆ ಸೇರಿದ್ದು. ಮನೆಗೆ ಬಂದವಳೇ ಕಾಪುವಿನ ಲೀನಾಳಿಗೆ ಫೋನು ಮಾಡಿದಳು.

ಲೀನಾ ರೇವತಿಯ ಶಾಲೆಯ ಗೆಳತಿ. ರೇವತಿಯ ತವರೂ ಕಾಪುವೇ. ಲೀನಾ ಗಂಡ ತೀರಿಕೊಂಡ ಮೇಲೆ ಕುವೈಟಿಗೆ ಹೋಗಿ, ಅಲ್ಲಿನ ಒಂದು ಬುಟೀಕಿನಲ್ಲಿ ಬಹಳ ವರ್ಷ ಹೊಲಿಗೆ ಮಾಡಿ, ಊರಿಗೆ ಮರಳಿ ಕಾಪು ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಳು. ಅವಳ ನಾಲಗೆ ಅವಳ ಮೆಷಿನಿನಷ್ಟೇ ವೇಗ. ಫೋನು ಇಟ್ಟ ಸ್ವಲ್ಪ ಹೊತ್ತಿಗೆ ಬಸ್ಸು ಹಿಡಿದು ಬಂದೇಬಿಟ್ಟಳು.

"ಸೀರೆ ಒಳ್ಳೆದೇ ಉಂಟು. ಬಣ್ಣ ಮಾತ್ರ ಅಜ್ಜಿದು" ಎಂದು ತೀರ್ಪು ಕೊಟ್ಟಳು. "ಕುವೈಟಿನಲ್ಲಿ ನಮ್ಮ ಅಂಗಡಿಗೆ ಬರ್ತಿದ್ದ ಬಿಳಿ ಹೆಂಗಸರು ನ್ಯಾಚುರಲ್ ಡೈ, ನ್ಯಾಚುರಲ್ ಡೈ ಅಂತ ಸಾಯ್ತಿದ್ದರು. ಎಂತದಪ್ಪಾ ಅಂತ ನೋಡಿದರೆ, ಸಣ್ಣದಿರುವಾಗ ನಾವು ಗೇರುಹಣ್ಣು ತಿಂದು ಯೂನಿಫಾರ್ಮಿಗೆಲ್ಲ ಮಾಡಿಕೊಳ್ತಿದ್ದೆವಲ್ಲ, ಅದೇ ಮಾರಾಯ್ತಿ!"

ಇಲ್ಲಿ ನಾನು ಸ್ವಲ್ಪ ದಾರಿ ತಪ್ಪುತ್ತೇನೆ. ಕರಾವಳಿಯಲ್ಲಿ ಬೆಳೆದವರಿಗೆ ಕಲೆಯ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಗೇರುಹಣ್ಣಿನ ಕಲೆ, ಬಾಳೆಕಾಯಿಯ ಸೊನೆಯ ಕಲೆ, ಹಲಸಿನ ಮೇಣ, ನೇರಳೆ ಹಣ್ಣು – ನನ್ನ ಬಾಲ್ಯದ ಬಿಳಿ ಅಂಗಿಗಳಲ್ಲಿ ಬಿಳಿ ಎಂಬುದು ಕಾಲರಿನ ಒಳಗಡೆ ಮಾತ್ರ ಉಳಿಯುತ್ತಿತ್ತು. ಅಮ್ಮ ಕಲ್ಲಿನ ಮೇಲೆ ಅಂಗಿಯನ್ನು ಬಡಿಯುವಾಗ, ಅದರೊಳಗೆ ನಾನೇ ಇದ್ದೇನೆಂದು ಭಾವಿಸಿ ಬಡಿಯುತ್ತಿದ್ದಳು. ಆ ಕಲೆಗಳು ಹೋದದ್ದನ್ನು ನಾನು ನೋಡಿಲ್ಲ. ಅಂಗಿಯೇ ನೆಲ ಒರೆಸುವ ಬಟ್ಟೆಯಾಗಿ ಬಡ್ತಿ ಪಡೆದ ಮೇಲೂ ಅವು ಇರುತ್ತಿದ್ದವು. ನಮ್ಮ ಭಾಷೆಯಲ್ಲಿ 'ಕಲೆ' ಎಂದರೆ ಅಂಗಿಗೆ ಅಂಟುವುದೂ ಹೌದು, ಪ್ರಶಸ್ತಿ ತರುವುದೂ ಹೌದು. ಇದರ ಮರ್ಮ ನನಗೆ ತಿಳಿದದ್ದು ಈ ಇಬ್ಬರು ಹೆಂಗಸರು ನನ್ನ ಬಚ್ಚಲಿನ ಹಂಡೆಯನ್ನು ವಶಪಡಿಸಿಕೊಂಡ ಮೇಲೆ.

ಹಂಡೆ ಹೋಯಿತೆಂದರೆ ಬಿಸಿನೀರೂ ಹೋಯಿತು. ನಾನು ಸ್ನಾನಕ್ಕೆ ಹೋದರೆ ಹಂಡೆಯಲ್ಲಿ ದಾಳಿಂಬೆ ಸಿಪ್ಪೆ ಕುದಿಯುತ್ತಿರುತ್ತಿತ್ತು. ಮರುದಿನ ಹೋದರೆ ಈರುಳ್ಳಿ ಸಿಪ್ಪೆ. ಈ ಈರುಳ್ಳಿ ಸಿಪ್ಪೆಯನ್ನು ತರುವ ಕೆಲಸ ನನ್ನದಾಗಿತ್ತು. ಮಠದ ಸುತ್ತಿನ ಹೋಟೆಲುಗಳಲ್ಲಿ ಈರುಳ್ಳಿಯೇ ಇಲ್ಲದ್ದರಿಂದ ಸಿಪ್ಪೆ ಕೇಳುವ ಹಾಗಿರಲಿಲ್ಲ. ಹಾಗಾಗಿ ಹುಟ್ಟಾ ಸಸ್ಯಾಹಾರಿಯಾದ ನಾನು ಬಸ್‌ಸ್ಟ್ಯಾಂಡಿನ ಹಿಂದಿನ ಮೀನಿನ ಹೋಟೆಲಿನ ಹಿಂಬಾಗಿಲಿನಲ್ಲಿ ಚೀಲ ಹಿಡಿದು ನಿಲ್ಲಬೇಕಾಯಿತು. ನಮ್ಮ ಸಂಸ್ಕೃತ ಉಪನ್ಯಾಸಕರು ಒಮ್ಮೆ ಇದನ್ನು ಕಂಡರು. ಕಂಡೂ ಕಾಣದವರಂತೆ ಹೋದರು. ಅದೇ ದೊಡ್ಡ ಶಿಕ್ಷೆ. ಮರುದಿನ ಸ್ಟಾಫ್ ರೂಮಿನಲ್ಲಿ, "ಮನುಷ್ಯನಿಗೆ ಪ್ರೋಟೀನೂ ಬೇಕಾಗ್ತದೆ, ಅಲ್ವಾ?" ಎಂದು ನನ್ನ ಬೆನ್ನು ತಟ್ಟಿದರು.

ಪ್ರಯೋಗ ನಡೆಯುವಲ್ಲಿ ಸೋಲೂ ಇರುತ್ತದೆ. ಸೀರೆಗೆ ಹಾಕುವ ಮೊದಲು ಅವರು ಬಣ್ಣವನ್ನು ಬೇರೆ ಬಟ್ಟೆಯ ಮೇಲೆ ಪರೀಕ್ಷಿಸುತ್ತಿದ್ದರು. ಆ ಬೇರೆ ಬಟ್ಟೆಯನ್ನು ಲೀನಾ ಅಂಗಿಯಾಗಿ ಹೊಲಿಯುತ್ತಿದ್ದಳು. ಆ ಅಂಗಿಯನ್ನು ನಾನು ತೊಡುತ್ತಿದ್ದೆ. ನಮ್ಮ ಕಾಲೇಜಿನ ಮಕ್ಕಳು ನನ್ನ ಅಂಗಿ ನೋಡಿಯೇ ಉದ್ಯಮದ ಸ್ಥಿತಿಗತಿ ಹೇಳುತ್ತಿದ್ದರು. ಒಂದು ಸೋಮವಾರ ಹಳೆಯ ಸಾರಿನ ಬಣ್ಣದ ಅಂಗಿ ತೊಟ್ಟು ಹೋದಾಗ ಪ್ರಿನ್ಸಿಪಾಲರು ತಡೆದು, "ನಿಮಗೆ ಹುಷಾರಿಲ್ವಾ? ಮುಖ ಒಂಥರಾ ಕಾಣ್ತದೆ" ಎಂದರು. ಮುಖವಲ್ಲ, ಅಂಗಿ ಎಂದು ಅವರಿಗೆ ತಿಳಿಸಲಿಕ್ಕೆ ನಾನು ಅಂಗಿಯ ತೋಳನ್ನು ಮುಖದಿಂದ ದೂರ ಚಾಚಿ ತೋರಿಸಬೇಕಾಯಿತು.

ಆದರೂ ಸೀರೆಗಳು ಚೆನ್ನಾಗಿಯೇ ಬಂದವು. ಎಲ್ಲಕ್ಕಿಂತ ಚಂದ ಬಂದದ್ದು ಹಲಸಿನ ಮರದ ಹೊಟ್ಟನ್ನು ಕುದಿಸಿ ತೆಗೆದ ಹಳದಿ. ಬೆಳಗಿನ ಬಿಸಿಲಿನಂಥ ಹಳದಿ. ಬಿಸಿಲಿಗಿಟ್ಟರೂ ಹೋಗದು, ಒಗೆದರೂ ಹೋಗದು. ಅಂಥ ಸೀರೆಗಳನ್ನು ಮಣಿಪಾಲದ ಡಾಕ್ಟರರ ಹೆಂಡತಿಯರು ಒಬ್ಬರನ್ನು ನೋಡಿ ಇನ್ನೊಬ್ಬರು ಕೊಂಡರು. ಶೆಟ್ಟಿಗಾರರ ಮಗ್ಗ ಅಟ್ಟಕ್ಕೆ ಹೋಗುವುದು ತಪ್ಪಿತು.

ಈ ಸುದ್ದಿ ಹಿಡಿದು ನಮ್ಮ ಮನೆಗೆ ಬಂದವರು ಬ್ಯಾನರ್ಜಿ ಮೇಡಂ. ಮಣಿಪಾಲದಲ್ಲಿ ಮ್ಯಾನೇಜ್‌ಮೆಂಟ್ ಪಾಠ ಮಾಡುತ್ತಿದ್ದ ಬಂಗಾಳಿ ಹೆಂಗಸು. ಕನ್ನಡ ಕಲಿತೇ ತೀರುತ್ತೇನೆಂದು ಹಟ ಹಿಡಿದವರು. ಲಿಂಗಗಳ ವಿಚಾರದಲ್ಲಿ ಮಾತ್ರ ಉದಾರಿ. ಸಾಂಪ್ರದಾಯಿಕ ಉಡುಪಿನ ಸಣ್ಣ ಉದ್ದಿಮೆಗಳಲ್ಲಿ ಹೊಸತನ ಎಷ್ಟು, ಅದು ಎಷ್ಟು ಕಾಲ ಬಾಳುತ್ತದೆ, ಅದರಿಂದ ವ್ಯಾಪಾರಕ್ಕೆ ಏನು ಗುಣ ಎಂದು ತಿಳಿಯುವುದು ಅವರ ಉದ್ದೇಶ. ಚಾವಡಿಯಲ್ಲಿ ಕುಳಿತು, ಕಾಫಿ ಕುಡಿದು, ಕೇಳತೊಡಗಿದರು.

"ನಿಮ್ಮ ಇನೋವೇಶನ್ ಯಾವಾಗ ಶುರು ಆದಳು?"

"ಅದು ಮೊದಲಿನಿಂದಲೇ ಉಂಟು ಮೇಡಂ. ಈ ಹೆಸರು ಇರಲಿಲ್ಲ" ಎಂದಳು ಲೀನಾ.

"ಬಿಸಿನೆಸ್ ಪರ್‌ಫಾರ್ಮೆನ್ಸ್?"

ರೇವತಿ ಸ್ವಲ್ಪ ಯೋಚಿಸಿ, "ಮಗ್ಗ ಅಟ್ಟಕ್ಕೆ ಹೋಗಲಿಲ್ಲ ಮೇಡಂ. ಸದ್ಯಕ್ಕೆ ಅಷ್ಟು ಆಗಿದೆ" ಎಂದಳು.

"ಗುಡ್, ಗುಡ್. ಮತ್ತೆ ನಿಮ್ಮ ತ್ಯಾಜ್ಯ? ತ್ಯಾಜ್ಯ ಎಲ್ಲಿ ಹೋಗುತ್ತಾನೆ?"

ರೇವತಿ ಮೂಲೆಯಲ್ಲಿ ಸಾರಿನ ಬಣ್ಣದ ಅಂಗಿಯಲ್ಲಿ ಕುಳಿತಿದ್ದ ನನ್ನ ಕಡೆ ನೋಡಿದಳು.

"ಬೆಳಿಗ್ಗೆ ಕಾರ್ಕಳಕ್ಕೆ ಹೋಗ್ತಾರೆ ಮೇಡಂ. ಸಂಜೆ ವಾಪಸು ಬರ್ತಾರೆ."

ಲೀನಾ ನಕ್ಕ ನಗೆಗೆ ಕಾಫಿ ಲೋಟ ಉರುಳಿತು. ವಿಷಯ ಅರ್ಥವಾದ ಮೇಲೆ ಬ್ಯಾನರ್ಜಿ ಮೇಡಂ ಇನ್ನೂ ಹೆಚ್ಚು ನಕ್ಕರು. ಹೊರಡುವಾಗ ಹಲಸಿನ ಹಳದಿಯ ಸೀರೆಯೊಂದನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಮಗಳ ಮದುವೆ ಮಳೆಗಾಲದಲ್ಲಿ, ಮಣಿಪಾಲದಲ್ಲೇ. ಮದುವೆಯ ಮೊದಲು ಅವರಲ್ಲಿ ಅರಶಿನ ಹಚ್ಚುವ ಶಾಸ್ತ್ರವಿದೆ. ಆ ದಿನ ಮನೆಯ ಹೆಂಗಸರೆಲ್ಲ ಹಳದಿ ಸೀರೆ ಉಡಬೇಕು. ಕೋಲ್ಕತ್ತದಿಂದ ಬರುವ ಅತ್ತಿಗೆ ನಾದಿನಿಯರಿಗೆಲ್ಲ ಇದೇ ಹಳದಿ ಬೇಕು ಎಂದರು.

ಇದು ನಮ್ಮ ಪಾಲಿಗೆ ಬಹಳ ದೊಡ್ಡ ಕೆಲಸ. ಶೆಟ್ಟಿಗಾರರು ನೆರೆಮನೆಯ ನೇಕಾರನನ್ನೂ ಕರೆದು ಮಗ್ಗಕ್ಕೆ ಕೂರಿಸಿದರು. ಅವರ ಸೊಸೆ ಗೇರುಬೀಜದ ಫ್ಯಾಕ್ಟರಿ ಬಿಟ್ಟು ಬಂದಳು. "ಇದೊಂದು ಸರಿಯಾಗಿ ಹೋದರೆ ನಾನು ಮತ್ತೆ ಆ ಹೊಗೆಗೆ ಹೋಗುದಿಲ್ಲ ಅಕ್ಕ" ಎಂದು ಅವಳು ರೇವತಿಯ ಕೈ ಹಿಡಿದು ಹೇಳಿದಳು. ಆ ದಿನದಿಂದ ರೇವತಿ ನನ್ನೊಡನೆ ತಮಾಷೆ ಮಾಡುವುದನ್ನು ನಿಲ್ಲಿಸಿದಳು. ವಿಷಯ ಎಷ್ಟು ಗಂಭೀರವೆಂದು ನನಗೆ ತಿಳಿದದ್ದು ಹಾಗೆ.

ಅರ್ಧ ಸೀರೆಗಳಿಗೆ ಬಣ್ಣ ಹಾಕುವಷ್ಟರಲ್ಲಿ ಹಲಸಿನ ಹೊಟ್ಟು ಮುಗಿಯಿತು. ಕಾರ್ಕಳದ ಹೊರಗಿನ ಒಂದು ಮರದ ಮಿಲ್ಲಿನಿಂದ ಅದನ್ನು ತರುತ್ತಿದ್ದವನು ನಾನೇ. ಮಳೆಗಾಲದಲ್ಲಿ ಮಿಲ್ಲು ಮುಚ್ಚುವ ಮುಂಚೆ ಕೊನೆಯ ಮೂಟೆ ಸಿಕ್ಕಿತು. ಗದಗದ ಕಡೆಯಿಂದ ಬಂದಿದ್ದ ಕೆಲಸದವನೊಬ್ಬ ಮೂಟೆಯನ್ನು ನನ್ನ ತಲೆಗೆ ಏರಿಸುತ್ತಾ, "ಅಲ್ರೀ ಸರ, ಈ ಹೊಟ್ಟು ಒಯ್ದು ಏನ್ ಮಾಡ್ತೀರಿ? ಕೋಳಿಗೇನು?" ಎಂದು ಕೇಳಿದ.

"ಸೀರೆಗೆ" ಎಂದೆ.

ಅವನು ನನ್ನ ಅಂಗಿಯನ್ನು ಒಮ್ಮೆ ನೋಡಿದ. ಮುಂದೆ ಏನೂ ಕೇಳಲಿಲ್ಲ.

ಬಸ್ಸಿನ ಕಂಡಕ್ಟರ್ ಮಾತ್ರ ಬಿಡಲಿಲ್ಲ. "ಇದು ಒಳಗೆ ಆಗ್ಲಿಕ್ಕಿಲ್ಲ ಮಾರಾಯ್ರೆ. ಜನರಿಗೇ ಜಾಗ ಇಲ್ಲ. ಟಾಪಿಗೆ ಹಾಕಿ" ಎಂದ. ಆಕಾಶ ತಿಳಿಯಾಗಿತ್ತು. ಹಾಕಿದೆವು. ನಾನು ವಾಡಿಕೆಯಂತೆ ನಿದ್ದೆ ಹೋದೆ. ಹಿರಿಯಡ್ಕ ಬರುವಷ್ಟರಲ್ಲಿ ಮಳೆ ಕೊಡದಲ್ಲಿ ಸುರಿದಂತೆ ಸುರಿಯುತ್ತಿತ್ತು. ಎಚ್ಚರವಾದದ್ದು ಜನರ ಗದ್ದಲಕ್ಕೆ. ಬಸ್ಸಿನ ಮಾಡಿನಿಂದ, ಕಿಟಕಿಯ ಸಂದಿನಿಂದ, ಹಳದಿ ನೀರು ಧಾರೆ ಧಾರೆಯಾಗಿ ಒಳಗಿಳಿಯುತ್ತಿತ್ತು. ಕಿಟಕಿ ಪಕ್ಕ ಕುಳಿತಿದ್ದ ಹಿರಿಯರೊಬ್ಬರ ಬಿಳಿ ಪಂಚೆ ಅರ್ಧ ಹಳದಿಯಾಗಿತ್ತು. ಕಂಡಕ್ಟರ್ ಮೇಲೆ ನೋಡಿ, ಕೆಳಗೆ ನೋಡಿ, "ಎಂತ ಸಾವು ಮಾರಾಯ್ರೆ ಇದು? ಬಸ್ಸಿಗೇ ಕಾಮಾಲೆ ಬಂತಲ್ಲ!" ಎಂದು ಕೂಗಿದ.

"ಹೆದರಬೇಡಿ, ಅದು ಹಲಸು. ಮೈಗೆ ಒಳ್ಳೆಯದೇ" ಎಂದೆ ನಾನು. ಅಷ್ಟರಲ್ಲಿ ಹಿಂದಿನ ಸೀಟಿನ ಒಬ್ಬಾಕೆ ಕೈಯಲ್ಲಿ ಆ ನೀರು ಹಿಡಿದು ಮಗುವಿನ ತಲೆಗೆ ಒಂದು ಚೂರು ಹಚ್ಚಿಯೂ ಆಗಿತ್ತು. ಹಿರಿಯರು ಮಾತ್ರ ಪಂಚೆಯನ್ನು ಎತ್ತಿ ಹಿಡಿದು ಉಡುಪಿಯವರೆಗೂ ನನ್ನನ್ನೇ ನೋಡುತ್ತಾ ಬಂದರು. ನಾನು ಮತ್ತೆ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡೆ.

ಮನೆಗೆ ತಂದ ಮೂಟೆಯಲ್ಲಿ ಉಳಿದದ್ದು ಬಣ್ಣ ಬಿಟ್ಟ ಹೊಟ್ಟು. ಕುದಿಸಿದರೆ ಬಂದದ್ದು ನೀರು ಬೆರೆಸಿದ ಮಜ್ಜಿಗೆಯ ಬಣ್ಣ. ಮಿಲ್ಲು ಮುಚ್ಚಿತ್ತು, ಮದುವೆ ಹತ್ತಿರ ಬಂದಿತ್ತು. ರೇವತಿ ಹಂಡೆಯ ಮುಂದೆ ಕುಳಿತು ಅತ್ತಳು. ಲೀನಾ ಅಳುವವಳಲ್ಲ.

"ಅರಶಿನ ಉಂಟಲ್ಲ!" ಎಂದಳು. "ಅರಶಿನದ ಶಾಸ್ತ್ರಕ್ಕೆ ಅರಶಿನದ್ದೇ ಸೀರೆ. ಇದಕ್ಕಿಂತ ನ್ಯಾಚುರಲ್ ಎಂತ ಬೇಕು?"

"ನಿಲ್ತದಾ?"

"ಒಗೆದು ನೋಡುವ."

ಒಗೆದು ನೋಡಿದರು. ಕೈಮಗ್ಗದ ಸೀರೆಯನ್ನು ರೇವತಿ ಯಾವಾಗಲೂ ಒಗೆಯುತ್ತಿದ್ದದ್ದು ಅಂಟುವಾಳಕಾಯಿಯ ನೊರೆಯಲ್ಲಿ. ಅದರಲ್ಲೇ ಒಗೆದರು. ಹಳದಿ ಹಾಗೇ ಇತ್ತು. ಉಳಿದ ಸೀರೆಗಳೆಲ್ಲ ಅರಶಿನದಲ್ಲಿ ಮಿಂದು, ನಮ್ಮ ಚಾವಡಿಯಲ್ಲಿ ಫ್ಯಾನಿನಡಿ ಒಣಗಿ, ಹಲಸಿನ ಸೀರೆಗಳ ಜೊತೆ ಸೇರಿ ಮಣಿಪಾಲಕ್ಕೆ ಹೋದವು. ಯಾವುದು ಯಾವುದೆಂದು ಮೂಸಿ ಹೇಳಬಲ್ಲವನು ನಾನೊಬ್ಬ ಮಾತ್ರ.

ಅರಶಿನದ ಶಾಸ್ತ್ರ ಮುಗಿದ ಸಂಜೆ ಫೋನು ಬಂತು. ಬ್ಯಾನರ್ಜಿ ಮೇಡಂ ಅವರ ದನಿಯಲ್ಲಿ ಕನ್ನಡ ಪೂರ್ತಿ ಕದಡಿ ಹೋಗಿತ್ತು.

"ರೇವತಿ, ಬೇಗ ಬಾ. ಸೀರೆ ಕೆಂಪು ಆದನು!"

ಲೀನಾ ಅಂದು ನಮ್ಮಲ್ಲೇ ಇದ್ದಳು. ಮೂವರೂ ರಿಕ್ಷಾದಲ್ಲಿ ಹೋದೆವು. ಲೀನಾ ದಾರಿಯುದ್ದಕ್ಕೂ ರಿಕ್ಷಾದವನಿಗೆ ಬೇಗ, ಬೇಗ ಎನ್ನುತ್ತಿದ್ದಳು. ನೆಂಟರು ಇಳಿದುಕೊಂಡಿದ್ದ ಗೆಸ್ಟ್‌ಹೌಸಿನ ವರಾಂಡದಲ್ಲಿ ಹಗ್ಗ ಕಟ್ಟಿ ಸೀರೆ ಒಣಗಿಸಿದ್ದರು. ಅರ್ಧ ಸೀರೆಗಳು ಹಳದಿ, ಅರ್ಧ ಸೀರೆಗಳು ಕೆಂಪು. ಸಣ್ಣ ಕೆಂಪಲ್ಲ, ದಾಸವಾಳದ ಹಾಗೆ ನಾಚಿ ನಿಂತ ಕೆಂಪು. ಶಾಸ್ತ್ರದಲ್ಲಿ ಸೀರೆಗೆಲ್ಲ ಎಣ್ಣೆ ಮೆತ್ತಿದ್ದರಿಂದ ಹೆಂಗಸರು ಬಟ್ಟೆ ಸೋಪಿನಲ್ಲಿ ಉಜ್ಜಿ ಒಗೆದಿದ್ದರು. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದ್ದ ಕಾರಣ ಸರಿಯಾಗಿ ಜಾಲಿಸಿರಲಿಲ್ಲ.

ರೇವತಿ ಹಣೆ ಚಚ್ಚಿಕೊಂಡಳು. "ಅರಶಿನಕ್ಕೆ ಸುಣ್ಣ ಹಾಕಿ ಆರತಿಗೆ ಕೆಂಪು ನೀರು ಕಲಸ್ತೇನಲ್ಲ, ಪ್ರತಿ ಹಬ್ಬಕ್ಕೆ! ಸೋಪೂ ಹಾಗೇ ಮಾಡ್ತದೆ ಅಂತ ನನಗೆ ಹೊಳೆಯಲಿಲ್ಲವಲ್ಲ!"

ಬೈಗುಳ ಕೇಳಲು ನಾವು ಸಿದ್ಧರಾಗಿ ನಿಂತೆವು. ಒಬ್ಬ ದಪ್ಪನೆಯ ಅತ್ತಿಗೆ ನಮ್ಮ ಕಡೆ ದಾಪುಗಾಲು ಹಾಕಿ ಬಂದಳು. ಅವಳ ಒಂದು ಕೈಯಲ್ಲಿ ಒದ್ದೆ ಹಳದಿ ಸೀರೆ, ಇನ್ನೊಂದು ಕೈಯಲ್ಲಿ ಸೋಪು. ಅವಳು ಬಂಗಾಳಿಯಲ್ಲಿ ಆರ್ಭಟಿಸಿದ್ದನ್ನು ಬ್ಯಾನರ್ಜಿ ಮೇಡಂ ಕನ್ನಡಕ್ಕೆ ತಂದರು:

"ಎಲ್ಲರ ಸೀರೆ ಕೆಂಪು ಆಯಿತು. ಇವಳದು ಆಗುವುದಿಲ್ಲ. ಮೂರು ಸಲ ಉಜ್ಜಿದಳು. ಇದು ಡುಪ್ಲಿಕೇಟ್ ಅಂತ ಹೇಳುತ್ತಾಳೆ."

ನಮಗೆ ಮೊದಲು ಅರ್ಥವಾಗಲಿಲ್ಲ. ಅವರ ಲೆಕ್ಕದಲ್ಲಿ ಕೆಂಪು ಮದುವೆಯ ಬಣ್ಣ. ಅರಶಿನದ ದಿನ ಹಳದಿ, ಮರುದಿನ ಮದುವೆಗೆ ತಾನಾಗಿ ಕೆಂಪು! ಇದು ನಮ್ಮ ಊರಿನ ನೇಕಾರರ ಗುಟ್ಟಿನ ವಿದ್ಯೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಕೆಂಪಾದವರು ಸಂಭ್ರಮದಲ್ಲಿದ್ದರು. ನಮ್ಮ ಒಳ್ಳೆಯ, ಗಟ್ಟಿ ಬಣ್ಣದ, ಹಲಸಿನ ಸೀರೆ ಸಿಕ್ಕಿದವರು ಮೋಸ ಹೋದೆವೆಂದು ಕೂಗುತ್ತಿದ್ದರು.

ಲೀನಾಳ ಬುದ್ಧಿ ಕೂಡಲೇ ಓಡಿತು. "ಹೌದು ಮೇಡಂ, ಸ್ಪೆಷಲ್ ಡಿಸೈನ್–"

"ಅಲ್ಲ" ಎಂದಳು ರೇವತಿ. "ಸುಳ್ಳು ಮೇಡಂ. ನಮಗೆ ಹೊಟ್ಟು ಸಾಕಾಗಲಿಲ್ಲ, ಅರಶಿನ ಹಾಕಿದೆವು. ಹಳದಿಯಾಗಿ ಉಳಿದದ್ದೇ ನಿಜವಾದ ಸೀರೆ. ಕೆಂಪಾದದ್ದು ಬಾಳುವುದಿಲ್ಲ. ಬಿಸಿಲಿಗೆ ಎಲ್ಲ ಹೋಗಿಬಿಡ್ತದೆ. ಚೂರು ಹುಳಿ ತಾಗಿದರೆ ಈಗಲೇ ಹೋಗ್ತದೆ. ಬೇಕಾದರೆ ನೋಡಿ" ಎಂದು ಊಟದ ಮೇಜಿನಿಂದ ಲಿಂಬೆಯ ಹೋಳು ತೆಗೆದು ಒಂದು ಕೆಂಪು ಸೆರಗಿಗೆ ತಿಕ್ಕಿದಳು. ಅಲ್ಲಿ ತಕ್ಷಣ ಒಂದು ಹಳದಿ ಚಂದ್ರ ಮೂಡಿತು.

ಆಮೇಲೆ ಚಪ್ಪಾಳೆ! ನೆಂಟರೆಲ್ಲ ಲಿಂಬೆಗಾಗಿ ಅಡುಗೆಮನೆಗೆ ನುಗ್ಗಿದರು. ಒಬ್ಬಳು ತನ್ನ ಸೀರೆಯ ಮೇಲೆ ಹಳದಿ ಹೂವು ಬರೆದಳು. ಇನ್ನೊಬ್ಬಳು ಗಂಡನ ಹೆಸರು ಬರೆದಳು. ನನ್ನ ಹೆಂಡತಿ ಆ ಸಂಜೆ ಹೇಳಿದಷ್ಟು ನಿಜವನ್ನು ಯಾವ ವ್ಯಾಪಾರಿಯೂ ಹೇಳಿರಲಾರ, ಆದರೆ ಯಾರೂ ನಂಬಲಿಲ್ಲ. ಬ್ಯಾನರ್ಜಿ ಮೇಡಂ ಒಬ್ಬರು ಮಾತ್ರ ನಗದೆ ಅವಳನ್ನು ನೋಡುತ್ತಿದ್ದರು. ಹೊರಡುವಾಗ, ಮಳೆ ಮುಗಿದ ಮೇಲೆ ಅಷ್ಟೂ ಅರಶಿನದ ಸೀರೆಗಳನ್ನು ಹಲಸಿನ ಹಳದಿಯಲ್ಲಿ ಮತ್ತೆ ಅದ್ದಿಕೊಡುವುದಾಗಿ ರೇವತಿ ಹೇಳಿದಾಗ, ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ತೊಂದರೆ ಶುರುವಾದದ್ದು ಅಲ್ಲಿಂದ ಮುಂದೆ. ಮಣಿಪಾಲದಿಂದಲೂ ಕೋಲ್ಕತ್ತದಿಂದಲೂ 'ಮ್ಯಾಜಿಕ್ ಸೀರೆ' ಬೇಕೆಂದು ಕರೆಗಳು ಬರತೊಡಗಿದವು. ಲೀನಾ ಕುಣಿದಾಡಿದಳು. ರೇವತಿ ಒಪ್ಪಲಿಲ್ಲ.

"ಜನ ಕೇಳ್ತಾರೆ, ನಾವು ಕೊಡುವ. ಇದರಲ್ಲಿ ಎಂತ ಪಾಪ ಉಂಟು? ನೀನೇ ಲಿಂಬೆ ತಿಕ್ಕಿ ಹೇಳಿದ್ದೀಯಲ್ಲ ಎಲ್ಲರಿಗೂ!" ಎಂದಳು ಲೀನಾ.

"ನಾಲ್ಕು ಬಿಸಿಲಿಗೆ ಬೆಳ್ಳಗಾಗುವ ಬಣ್ಣಕ್ಕೆ ಶೆಟ್ಟಿಗಾರರು ಬೆನ್ನು ಬಗ್ಗಿಸಿ ನೇಯಬೇಕಾ? ಜನ ಇವತ್ತು ನಗ್ತಾರೆ. ನಾಳೆ ಈ ಸೀರೆಯೇ ಬೇಡ ಅಂತಾರೆ. ಮತ್ತೆ ಮಗ್ಗ ಅಟ್ಟಕ್ಕೆ."

"ನಿನಗೆ ಗಂಡನ ಸಂಬಳ ಉಂಟು. ನೀನು ದೊಡ್ಡ ದೊಡ್ಡ ಮಾತು ಆಡಬಹುದು" ಎಂದುಬಿಟ್ಟಳು ಲೀನಾ.

ಇಂಥ ಮಾತು ಒಮ್ಮೆ ಬಾಯಿಂದ ಬಿದ್ದರೆ ಹೆಕ್ಕಿ ಒಳಗೆ ಇಡಲಿಕ್ಕಾಗುವುದಿಲ್ಲ. ಲೀನಾ ಚೀಲ ತೆಗೆದುಕೊಂಡು ಹೊರಟು ಹೋದಳು. ಕಾಪುವಿನ ತನ್ನ ಅಂಗಡಿಯಲ್ಲೇ, ಮಿಲ್ಲಿನ ಬಟ್ಟೆಗೆ ಅರಶಿನ ಹಾಕಿ ಮ್ಯಾಜಿಕ್ ಸೀರೆ ಮಾರತೊಡಗಿದಳು. ಮಳೆಗಾಲವಿಡೀ ಒಳ್ಳೆಯ ವ್ಯಾಪಾರವಂತೆ. ಇತ್ತ ರೇವತಿ ಸಪ್ಪಗೆ ಹಂಡೆಯ ಮುಂದೆ ಕೂರುತ್ತಿದ್ದಳು. ಲೀನಾಳ ಕತ್ತರಿ ನಮ್ಮಲ್ಲಿ ಉಳಿದಿತ್ತು, ರೇವತಿಯ ಜರಡಿ ಅಲ್ಲಿ ಉಳಿದಿತ್ತು. ಇವನ್ನು ಸಾಗಿಸುವ ನೆಪದಲ್ಲಿ ನಾನು ಉಡುಪಿಗೂ ಕಾಪುವಿಗೂ ಓಡಾಡುತ್ತಿದ್ದೆ. "ಅವಳು ಹೇಗಿದ್ದಾಳೆ ಅಂತ ನಾನು ಕೇಳುದಿಲ್ಲ. ಊಟ ಸರಿ ಮಾಡ್ತಾಳಾ?" ಎಂದು ಇಬ್ಬರೂ ಕೇಳುತ್ತಿದ್ದರು.

ನವರಾತ್ರಿ ಕಳೆದು ಬಿಸಿಲು ಬಂತು. ಕಾಪುವಿನ ಕಡಲ ತಡಿಯ ಬಿಸಿಲೆಂದರೆ ನಿಮಗೆ ಗೊತ್ತಲ್ಲ, ಮನುಷ್ಯರ ಬಣ್ಣವನ್ನೇ ಬಿಡುವುದಿಲ್ಲ. ಹಗ್ಗದ ಮೇಲೆ ಹಾಕಿದ ಮ್ಯಾಜಿಕ್ ಸೀರೆಗಳು ಸಂಜೆಗೆ ಬೆಳ್ಳಗಾಗಿ ಒಳಬಂದವು. ಕೊಂಡವರೆಲ್ಲ ಸೀರೆ ಹಿಡಿದು ಲೀನಾಳ ಅಂಗಡಿಗೆ ಬಂದರು. ನಾನು ಒಮ್ಮೆ ಹೋದಾಗ ಮುಂಬಾಗಿಲಲ್ಲಿ ಹೆಂಗಸರ ಸಾಲು. ಲೀನಾ ಹಿಂಬಾಗಿಲಿನಿಂದ ಹೊರಬಿದ್ದು, ತೆಂಗಿನಮರದ ಹಿಂದೆ ನಿಂತು ನನಗೆ ಕೈಸನ್ನೆ ಮಾಡುತ್ತಿದ್ದಳು. "ಅವಳಿಗೆ ಹೇಳಬೇಡಿ" ಎಂದಳು. ನಾನು ಹೇಳಲಿಲ್ಲ. ಆದರೆ ಕಾಪುವಿನಲ್ಲಿ ರೇವತಿಗೆ ತವರಿದೆಯಲ್ಲ. ನನಗಿಂತ ಮೊದಲೇ ಸುದ್ದಿ ಮನೆ ತಲುಪಿತ್ತು.

"ಆಗಬೇಕಿತ್ತು ಅವಳಿಗೆ" ಎನ್ನುತ್ತಾಳೆಂದುಕೊಂಡಿದ್ದೆ. ರೇವತಿ ಒಳಹೋಗಿ, ಉಳಿದಿದ್ದ ಹಲಸಿನ ಸೀರೆಗಳನ್ನು ಕ್ರಿಸ್ಮಸ್ಸಿನ ಮುಂಚೆ ಲೀನಾಳ ಅಂಗಡಿಗೆ ಕಳಿಸಿದಳು, ಬೆಳ್ಳಗಾದವರಿಗೆ ಬದಲಿ ಕೊಡಲಿಕ್ಕೆ. ಕಳಿಸಿದ್ದು ಶೆಟ್ಟಿಗಾರರ ಸೊಸೆಯ ಕೈಯಲ್ಲಿ, ತನ್ನ ಹೆಸರು ಹೇಳಕೂಡದೆಂದು ಕಟ್ಟಪ್ಪಣೆ ಮಾಡಿ. ಊರಲ್ಲಿ ಆ ಹಳದಿ ಬೇರೆ ಯಾರ ಹಂಡೆಯಲ್ಲಿ ಬರುತ್ತದೆ?

ಹೊಸ ವರ್ಷ ಕಳೆದ ಮೇಲೆ ಒಂದು ಭಾನುವಾರ ಲೀನಾ ನಮ್ಮ ಮನೆಗೆ ಬಂದಳು. ರೇವತಿ ಚಾವಡಿಯಲ್ಲೇ ಇದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ನನ್ನನ್ನು ನೋಡಿದರು.

"ವಿಲ್ಸನಿಗೆ ಮದುವೆ ನಿಶ್ಚಯ ಆಗಿದೆ" ಎಂದಳು ಲೀನಾ ನನಗೆ. ವಿಲ್ಸನ್ ಅವಳ ಒಬ್ಬನೇ ಮಗ. "ಗಂಡಿನ ಮನೆಯವರು ಹುಡುಗಿಗೆ ಕೆಂಪು ಸೀರೆ ಕೊಡಬೇಕು. ಸಾಡೊ ಅಂತ ಹೇಳ್ತೇವೆ ನಾವು. ಅದನ್ನು ಹುಡುಗಿ ಜನ್ಮವಿಡೀ ಇಟ್ಟುಕೊಳ್ತಾಳೆ. ಅವಳು ಮಾಡಿ ಕೊಡ್ತಾಳಾ ಅಂತ ಕೇಳಿ."

"ಯಾವ ಕೆಂಪು ಬೇಕಂತೆ ಕೇಳಿ" ಎಂದಳು ರೇವತಿ ನನಗೆ. "ಸೋಪಿನ ಕೆಂಪಾ?"

"ಹೋಗದ ಕೆಂಪು ಅಂತ ಹೇಳಿ" ಎಂದಳು ಲೀನಾ.

"ಆಗ್ತದೆ ಅಂತ ಹೇಳಿ."

ಇಷ್ಟೆಲ್ಲ ಒಂದು ಮಾರು ದೂರದಲ್ಲಿ ಕೂತವರ ನಡುವೆ. ನಾನು ಪ್ರತಿ ಮಾತನ್ನೂ ನಿಷ್ಠೆಯಿಂದ ದಾಟಿಸಿದೆ.

ಶೆಟ್ಟಿಗಾರರು ನೇಯ್ದರು. ರೇವತಿ ಸೀರೆಯನ್ನು ಅಳಲೆಕಾಯಿಯ ನೀರಿನಲ್ಲಿ, ಪಟಿಕದ ನೀರಿನಲ್ಲಿ ನೆನೆಸಿ, ಮಂಜಿಷ್ಠದ ಬೇರನ್ನು ಹಂಡೆಯಲ್ಲಿ ಸಣ್ಣ ಉರಿಗೆ ಇಟ್ಟಳು. ಆ ಬೇರು ಕುದಿ ಹೆಚ್ಚಾದರೆ ಕಂದಾಗುತ್ತದೆ. ಕಮ್ಮಿಯಾದರೆ ಬಣ್ಣ ಬಿಡುವುದಿಲ್ಲ. ಲೀನಾ ಬಚ್ಚಲಿನ ಹೊರಗೆ ಮಣೆ ಹಾಕಿ ಕುಳಿತಿದ್ದಳು. ನಾನು ಕೋಲು ಹಿಡಿದು ತಿರುವುತ್ತಿದ್ದೆ.

"ಉರಿ ಜಾಸ್ತಿ ಆಯ್ತು ಅಂತ ಹೇಳಿ" – ಹೊರಗಿನಿಂದ.

"ನನಗೆ ಗೊತ್ತುಂಟು ಅಂತ ಹೇಳಿ" – ಒಳಗಿನಿಂದ.

ಬಹಳ ಹೊತ್ತು ಸೀರೆ ಇಟ್ಟಿಗೆಯ ಬಣ್ಣದಲ್ಲೇ ನಿಂತಿತ್ತು. ರೇವತಿಯ ಮುಖ ಇಳಿಯಿತು. ಆಮೇಲೆ ಯಾವಾಗಲೋ, ನಾನು ಕೋಲಿನಿಂದ ಸೆರಗನ್ನು ಮೇಲೆತ್ತಿದಾಗ, ಹೊಗೆಯ ನಡುವೆ ಅದು ಬೇರೆಯೇ ಕೆಂಪಾಗಿತ್ತು. ಅದು ನಾಚಿಕೆಯ ಕೆಂಪಲ್ಲ, ತನ್ನ ಮನೆಯಲ್ಲಿ ತಾನು ಕೂತಂಥ ಕೆಂಪು.

"ಲೀನಾ! ಬಾ ಇಲ್ಲಿ! ಬೇಗ ಬಾ, ನೋಡು!" ಎಂದು ರೇವತಿ ಕಿರಿಚಿದಳು.

ಲೀನಾ ಮಣೆಯನ್ನು ಎಡವಿ ಓಡಿಬಂದಳು. ಇಬ್ಬರೂ ಹಂಡೆಯ ಮೇಲೆ ಬಗ್ಗಿದರು. ಆಮೇಲೆ ಇಬ್ಬರೂ ಒಟ್ಟಿಗೆ ಮಾತಾಡತೊಡಗಿದರು, ತುಳುವಿನಲ್ಲಿ, ಕನ್ನಡದಲ್ಲಿ, ಲೀನಾ ನಡುನಡುವೆ ಕೊಂಕಣಿಯಲ್ಲಿ. ಅಷ್ಟೂ ತಿಂಗಳ ಮಾತು ಒಂದೇ ಸಲ. ನಾನು ಕೋಲು ಹಿಡಿದು ನಡುವೆ ನಿಂತಿದ್ದೆ. ಯಾರೋ ಒಬ್ಬರು, "ಸ್ವಲ್ಪ ಆಚೆ ನಿಲ್ಲಿ ನೀವು" ಎಂದರು. ನನ್ನ ದುಭಾಷಿಯ ಉದ್ಯೋಗ ಅಲ್ಲಿಗೆ ಮುಗಿಯಿತು.

ಮದುವೆ ಕಾಪುವಿನಲ್ಲಿ ನಡೆಯಿತು. ಶೆಟ್ಟಿಗಾರರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಿದ್ದರು. ಅವರ ಸೊಸೆ ಬಂದಿದ್ದಳು. ಅವಳು ಮತ್ತೆ ಫ್ಯಾಕ್ಟರಿಗೆ ಹೋಗಿರಲಿಲ್ಲ, ಹೊಸದಾಗಿ ಹಾಕಿದ ಎರಡನೆಯ ಮಗ್ಗ ಈಗ ಅವಳದೇ. ಬ್ಯಾನರ್ಜಿ ಮೇಡಂ ತಮ್ಮ ಹಲಸಿನ ಹಳದಿಯಲ್ಲಿ ಬಂದು, ಕಂಡವರಿಗೆಲ್ಲ ಆ ಬಣ್ಣದ ವಿಷಯ ವಿವರಿಸುತ್ತಿದ್ದರು. ಸಂಜೆ ಮದುಮಗಳು ಬಿಳಿ ಗೌನು ಬದಲಿಸಿ, ಕೆಂಪು ಸಾಡೊ ಉಟ್ಟು ಹೊರಬಂದಾಗ ಹಾಲಿನಲ್ಲಿ ಗುಸುಗುಸು ಎದ್ದಿತು. "ರೇಷ್ಮೆ ಅಲ್ವಾ? ಹತ್ತಿಯದ್ದಾ?" ಎಂದು ಲೀನಾಳ ನಾದಿನಿಯೊಬ್ಬಳು ಮೂಗೆಳೆದಳು. ಹುಡುಗಿಗೆ ಮಾತ್ರ ಸೀರೆ ಬಹಳ ಹಿಡಿಸಿತ್ತು. ಸೆರಗನ್ನು ಕೈಯಲ್ಲಿ ಸವರುತ್ತಾ ಅತ್ತೆಯ ಬಳಿ ಬಂದು, ಎಲ್ಲರೆದುರಿಗೂ ಮುಗ್ಧವಾಗಿ ಕೇಳಿದಳು:

"ಮಾಮಿ, ಇದನ್ನು ಒಗೆಯುದು ಹೇಗೆ?"

ಲೀನಾ ರೇವತಿಯನ್ನು ನೋಡಿದಳು. ರೇವತಿ ಲೀನಾಳನ್ನು ನೋಡಿದಳು. ಮೊದಲು ಯಾರ ಬಾಯಿಂದ ಹೊರಟಿತೋ ಗೊತ್ತಿಲ್ಲ, ಇಬ್ಬರೂ ಒಬ್ಬರ ಹೆಗಲಿಗೆ ಒಬ್ಬರು ಬಿದ್ದು ನಗತೊಡಗಿದರು. ಬ್ಯಾಂಡಿನವರು ನಿಲ್ಲಿಸಿ ನೋಡುವಷ್ಟು ನಗು. ಎಂಥ ಮನೆಗೆ ಬಂದೆನೆಂದು ಹುಡುಗಿ ಕಣ್ಣು ಕಣ್ಣು ಬಿಟ್ಟಳು. ಕೊನೆಗೆ ಲೀನಾ ಕಣ್ಣೊರೆಸಿಕೊಂಡು, ರೇವತಿಯ ಕೈಯನ್ನು ಎತ್ತಿ ತೋರಿಸಿ ಹೇಳಿದಳು:

"ಹೇಗೆ ಬೇಕಾದರೂ ಒಗಿ ಮಗಾ. ಇವಳು ಹಾಕಿದ ಬಣ್ಣ. ಹೋಗುದಿಲ್ಲ."